ಹಕ್ಕಿ ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತದೆ. ಗುರುತಿಸುವುದು ಹೇಗೆ?

ಹುಣಸೆಮರದ_ಮನೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮಕೂರಿನ ಹೊರಗೆ, ಹೆಗ್ಗೆರೆ ಕಡೆ. ಹಿಂದೆ ರಾಗಿ ಹೊಲ, ಅದರಾಚೆ ಕಲ್ಲು ಕಲ್ಲಾಗಿರುವ ಬೀಳು ಜಮೀನು, ಬದುವಿನ ಮೇಲೆ ಹುಣಸೆ ಮರ, ಹೊಂಗೆ, ಒಂದಷ್ಟು ಲಂಟಾನ ಪೊದೆ. ಮೊದಲಿಂದಲೂ ಹಕ್ಕಿ ಜಾಸ್ತಿ ಇರುವ ಜಾಗ.

ವಿಷಯ ಏನೆಂದರೆ, ನಮ್ಮ ತಂದೆಗೆ ಗ್ಲಾಕೋಮಾ ಆಗಿ ಈಗ ಕಣ್ಣು ಹೆಚ್ಚುಕಡಿಮೆ ಕಾಣುವುದಿಲ್ಲ. ಬೆಳಕು, ನೆರಳು ಅಷ್ಟೇ ಗೊತ್ತಾಗುತ್ತದೆ. ಬೆಳಗ್ಗೆ ಸಂಜೆ ಜಗಲಿ ಮೇಲೆ ಕೂರುತ್ತಾರೆ. ಕೂತಲ್ಲೇ "ಈಗ ಕೂಗಿತಲ್ಲ, ಅದ್ಯಾವ ಹಕ್ಕಿ ನೋಡು" ಅಂತಾರೆ. ನನಗೆ ಕಾಗೆ, ಕೋಗಿಲೆ, ನವಿಲು ಬಿಟ್ಟರೆ ಬೇರೆ ಗೊತ್ತಿಲ್ಲ. ಅವರಿಗಾಗಿ ಇದನ್ನು ಸರಿಯಾಗಿ ಕಲಿಯಬೇಕು ಅಂತಿದ್ದೇನೆ. ಚಿತ್ರ ನೋಡಿ ಗುರುತಿಸುವ ಪುಸ್ತಕಗಳು ಸಿಗುತ್ತವೆ, ಆದರೆ ನಮಗೆ ಬೇಕಾಗಿರುವುದು ಕಿವಿಯ ದಾರಿ.

ಸದ್ಯಕ್ಕೆ ತಲೆ ತಿನ್ನುತ್ತಿರುವ ಕೂಗುಗಳು ಇವು. ಮಧ್ಯಾಹ್ನ ಸುಡು ಬಿಸಿಲಲ್ಲಿ ಎಲ್ಲಿಂದಲೋ "ಟೊಂಕ್ ಟೊಂಕ್ ಟೊಂಕ್" ಅಂತ ನಿಲ್ಲದೆ ಬರುತ್ತದೆ, ಒಮ್ಮೆ ಎಡಗಡೆ ಅನ್ನಿಸುತ್ತದೆ, ಒಮ್ಮೆ ಬಲಗಡೆ. ರಾತ್ರಿ ಊಟದ ಹೊತ್ತಿಗೆ ಬೀಳು ಜಮೀನಿನಿಂದ "ಚಕ್... ಚಕ್... ಚಕ್ ಚಕ್ ಚರ್‌ರ್‌ರ್" ಅಂತ ಒಂದು ಸದ್ದು. ಬೆಳಗಿನ ಜಾವ ಇನ್ನೂ ಕತ್ತಲಿರುವಾಗ ಪಕ್ಕದ ಮನೆಯ ನೀರಿನ ಟ್ಯಾಂಕ್ ಮೇಲಿಂದ ಚೆಂದದ ಶಿಳ್ಳೆ, ಒಂದು ಸಲ ಹಾಡಿದ ಹಾಗೆ ಇನ್ನೊಂದು ಸಲ ಹಾಡುವುದಿಲ್ಲ. ಇನ್ನೊಂದು, ಪೊದೆಯೊಳಗೆ "ಟುವೀ ಟುವೀ ಟುವೀ" ಅಂತ ಕಿವಿ ತೂತಾಗುವಷ್ಟು ಜೋರು, ಹೋಗಿ ನೋಡಿದರೆ ಏನೂ ಕಾಣುವುದಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ. ಎಲ್ಲಿಂದ ಕಲಿಯಲು ಶುರು ಮಾಡಬೇಕು ಅನ್ನುವುದನ್ನೂ ಹೇಳಿ.

ದುರ್ಗದ_ಹಾದಿ (ತುಮಕೂರು)

ನೀವು ಕೂಗನ್ನು ಬರೆದಿರುವ ರೀತಿ ಬಹಳ ಚೆನ್ನಾಗಿದೆ ಸಾರ್. ಎಲ್ಲಿಂದ, ಯಾವ ಹೊತ್ತು, ಹೇಗೆ ಅಂತ ಮೂರೂ ಹೇಳಿದ್ದೀರಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಮಧ್ಯಾಹ್ನದ ಟೊಂಕ್ ಟೊಂಕ್ ಕಂಚುಕುಟಿಗ. ಹಸಿರು ಮೈ, ಹಣೆ ಮತ್ತು ಎದೆ ಮೇಲೆ ಕೆಂಪು, ಗುಬ್ಬಿಗಿಂತ ಸ್ವಲ್ಪ ದಪ್ಪ. ಆಲ, ಅತ್ತಿ, ಗೋಣಿ ಮರ ಹಣ್ಣು ಬಿಟ್ಟಿದ್ದರೆ ಅಲ್ಲಿ ಇದ್ದೇ ಇರುತ್ತದೆ. ಕೊಕ್ಕು ಮುಚ್ಚಿಕೊಂಡೇ ಗಂಟಲು ಉಬ್ಬಿಸಿ ಕೂಗುತ್ತದೆ, ಕೂಗುವಾಗ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಇರುತ್ತದೆ. ಅದಕ್ಕೇ ನಿಮಗೆ ಸದ್ದು ಜಾಗ ಬದಲಿಸಿದ ಹಾಗೆ ಕೇಳಿಸುವುದು. ಹಕ್ಕಿ ಮಾತ್ರ ಒಂದೇ ಕೊಂಬೆ ಮೇಲೆ ಕೂತಿರುತ್ತದೆ. ಇದರ ದೊಡ್ಡ ಬಂಧು ಬಿಳಿ ಕೆನ್ನೆಯ ಕುಟ್ರ ಹಕ್ಕಿ ದೇವರಾಯನದುರ್ಗ, ನಾಮದ ಚಿಲುಮೆ ಕಡೆ ಮರ ದಟ್ಟ ಇರುವಲ್ಲಿ ಸಿಗುತ್ತದೆ. ಅದು "ಟ್ರ್‌ರ್‌ರ್" ಅಂತ ಶುರು ಮಾಡಿ "ಕುಟ್ರೂ ಕುಟ್ರೂ ಕುಟ್ರೂ" ಅಂತ ಎಳೆಯುತ್ತದೆ. ಎರಡನ್ನೂ ಒಂದೊಂದು ಸಲ ಕೇಳಿದರೆ ಸಾಕು, ಮತ್ತೆ ಬೆರೆಸಿಕೊಳ್ಳುವುದಿಲ್ಲ.

ರಾತ್ರಿಯದು ನತ್ತಿಂಗ. ನೀವು ಬರೆದ ಕೂಗು ನಮ್ಮ ಬಯಲು ಸೀಮೆಯ ಸಾಮಾನ್ಯ ನತ್ತಿಂಗದ್ದೇ. ಸಿಮೆಂಟ್ ನೆಲದ ಮೇಲೆ ಗೋಲಿ ಕೈಬಿಟ್ಟರೆ ಮೊದಲು ದೂರ ದೂರ ಪುಟಿದು ಆಮೇಲೆ ಹತ್ತಿರ ಹತ್ತಿರ ಪುಟಿದು ಕೊನೆಗೆ ಸದ್ದೆಲ್ಲ ಒಂದಾಗಿಬಿಡುತ್ತದಲ್ಲ, ಸರಿಯಾಗಿ ಹಾಗೆ. ಹಗಲು ಹೊತ್ತು ಒಣ ಎಲೆ, ಕಲ್ಲಿನ ನಡುವೆ ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ, ಮೈಬಣ್ಣವೂ ಹಾಗೇ ಇರುವುದರಿಂದ ಕಾಲಿಡುವಷ್ಟು ಹತ್ತಿರ ಹೋದರೂ ಕಾಣುವುದಿಲ್ಲ. ಗೂಡು ಕಟ್ಟುವ ಪದ್ಧತಿಯೇ ಇಲ್ಲ, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ರಾತ್ರಿ ಹಾರುತ್ತಾ ಹುಳ ಹುಪ್ಪಟೆ ಹಿಡಿಯುತ್ತದೆ. ದುರ್ಗದ ರಸ್ತೆಯಲ್ಲಿ ಸಂಜೆಗತ್ತಲಲ್ಲಿ ಗಾಡಿಯ ಬೆಳಕಿಗೆ ಕೆಂಪಗೆ ಕಣ್ಣು ಹೊಳೆಯುವುದನ್ನು ನೋಡಿರುತ್ತೀರಿ. ಆ ಬೀಳು ಜಮೀನನ್ನು ಬೇಸಿಗೆಯಲ್ಲಿ ಸುಡದೆ ಬಿಟ್ಟರೆ ಅದಕ್ಕೆ ದೊಡ್ಡ ಉಪಕಾರ.

ಬೆಳಗಿನ ಜಾವದ ಹಾಡುಗಾರ ಮಡಿವಾಳ ಹಕ್ಕಿ. ಕಪ್ಪು ಬಿಳಿ, ಬಾಲ ಎತ್ತಿಕೊಂಡು ಕೂರುವುದು. ಟ್ಯಾಂಕ್, ಕರೆಂಟ್ ಕಂಬ, ತೆಂಗಿನ ಗರಿಯ ತುದಿ, ಎತ್ತರ ಇದ್ದರೆ ಸಾಕು. ಗಂಡು ತನ್ನ ಜಾಗ ಇದು ಅಂತ ಸಾರಲು, ಹೆಣ್ಣನ್ನು ಕರೆಯಲು ಹಾಡುತ್ತದೆ. ಹೆಚ್ಚುಕಡಿಮೆ ಮಾರ್ಚ್‌ನಿಂದ ಜೂನ್‌ವರೆಗೆ ಈ ಸಂಭ್ರಮ. ಆಮೇಲೆ ಅದೇ ಹಕ್ಕಿ ಅಲ್ಲೇ ಓಡಾಡುತ್ತಿದ್ದರೂ ಬರೀ "ಚರ್‌ರ್" ಅಂತ ಬೈದ ಹಾಗೆ ಸದ್ದು ಮಾಡುತ್ತದೆ, ಇಲ್ಲವೇ ಸಣ್ಣಗೆ "ಸ್ವೀ" ಅನ್ನುತ್ತದೆ. ಈಗ ಹಾಡುವ ಕಾಲ, ತಂದೆಯವರಿಗೆ ತಪ್ಪದೆ ಕೇಳಿಸಿ.

ಪೊದೆಯೊಳಗಿನ ಟುವೀ ಟುವೀ ಟುವ್ವಿ ಹಕ್ಕಿ, ಎಲೆ ಹೊಲಿದು ಗೂಡು ಮಾಡುವುದು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು, ಗಂಟಲು ಮಾತ್ರ ಜೋರು. ಇಲ್ಲಿ ಒಂದು ಎಚ್ಚರ ಬೇಕು. ಬೂದು ಉಲಿಯಕ್ಕಿಯೂ ಅದೇ ಪೊದೆಯಲ್ಲಿ ಇರುತ್ತದೆ, ಅದೂ ಒಂದೇ ಸಮ ಕೂಗುತ್ತದೆ. ಟುವ್ವಿಯದು ಸ್ವಚ್ಛ, ಒಂದೊಂದು ಸ್ವರವೂ ಬಿಡಿಬಿಡಿ. ಉಲಿಯಕ್ಕಿಯದು "ಜಿಮ್ಮಿ ಜಿಮ್ಮಿ ಜಿಮ್ಮಿ" ಅಂತ ಸ್ವಲ್ಪ ಒರಟು, ಸ್ವಲ್ಪ ಅವಸರ. ಅದರ ಮೇಲೆ ಉಲಿಯಕ್ಕಿ ಪೊದೆಯಿಂದ ಪೊದೆಗೆ ಹಾರುವಾಗ "ಚಟ್ ಚಟ್" ಅಂತ ಕಡ್ಡಿ ಮುರಿದ ಸದ್ದು ಬರುತ್ತದೆ. ಅದು ಕೇಳಿತೆಂದರೆ ಅನುಮಾನವೇ ಬೇಡ.

ಎಲ್ಲಿಂದ ಶುರು ಅಂತ ಕೇಳಿದಿರಿ. ಅಪರೂಪದ ಹಕ್ಕಿ ಹುಡುಕಬೇಡಿ. ಕಾಗೆ, ಗೊರವಂಕ, ಪಿಕಳಾರ, ಗಿಳಿ, ಬೆಳವ, ಹರಟೆಮಲ್ಲ, ಇವು ದಿನಾ ಕೇಳುವವು. ಇವುಗಳ ಎಲ್ಲ ಥರದ ಸದ್ದನ್ನೂ, ಜಗಳದ್ದು, ಮರಿಗಳದ್ದು, ಹೆದರಿದಾಗಿನದು, ಯೋಚಿಸದೆ ಹೇಳುವ ಮಟ್ಟಕ್ಕೆ ಬನ್ನಿ. ಆಮೇಲೆ ಹೊಸ ಕೂಗು ಬಂದರೆ ಕಿವಿ ತಾನಾಗಿಯೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಶಿರಾ_ಗೇಟ್ (ತುಮಕೂರು)

ಮೊಬೈಲ್‌ನಲ್ಲಿ ಮರ್ಲಿನ್ ಅಂತ ಒಂದು ಆಪ್ ಇದೆ, ಹಾಕಿಕೊಳ್ಳಿ. ಅಮೆರಿಕದ ಕಾರ್ನೆಲ್ ಪಕ್ಷಿ ಸಂಶೋಧನಾ ಸಂಸ್ಥೆಯವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಇಲ್ಲ. ಅದರಲ್ಲಿ ಸೌಂಡ್ ಐಡಿ ಅಂತ ಒಂದು ಭಾಗ 2021ರಿಂದ ಇದೆ. ಭಾರತದ ಹಕ್ಕಿಗಳ ಪ್ಯಾಕ್ ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಬಟನ್ ಒಮ್ಮೆ ಒತ್ತಿದರೆ ಕೂಗುತ್ತಿರುವ ಹಕ್ಕಿಗಳ ಹೆಸರು ಒಂದೊಂದಾಗಿ ಬರುತ್ತವೆ.

ಅದು ಕೆಲಸ ಮಾಡುವ ರೀತಿ ತಿಳಿದುಕೊಂಡರೆ ಉಪಯೋಗ. ಸದ್ದನ್ನು ಮೊದಲು ಚಿತ್ರ ಮಾಡುತ್ತದೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ವರದ ಏರಿಳಿತ. ಆ ಚಿತ್ರವನ್ನು ತನ್ನಲ್ಲಿರುವ ಚಿತ್ರಗಳ ಜೊತೆ ಹೋಲಿಸುತ್ತದೆ. ಕಂಚುಕುಟಿಗನದು ಒಂದೇ ಎತ್ತರದಲ್ಲಿ ಸಾಲಾಗಿ ಇಟ್ಟ ಚುಕ್ಕಿ, ಕೋಗಿಲೆಯದು ಮೇಲಕ್ಕೆ ಏರುವ ಗೆರೆ. ಪರದೆ ಮೇಲೆ ಅದು ಓಡುವುದನ್ನು ನೋಡುತ್ತಾ ಕೇಳಿದರೆ ಕಿವಿ ಬೇಗ ಪಳಗುತ್ತದೆ. ಜೊತೆಗೆ ನಿಮ್ಮ ಊರು, ದಿನಾಂಕ ನೋಡಿ ಈ ಹೊತ್ತಿನಲ್ಲಿ ಅಲ್ಲಿ ಯಾವ ಹಕ್ಕಿ ಇರಬಹುದು ಅಂತಲೂ ಲೆಕ್ಕ ಹಾಕುತ್ತದೆ. ಆದ್ದರಿಂದ ಲೊಕೇಶನ್ ಆನ್ ಇರಲಿ. ಮೈಕ್ ಮೇಲೆ ಬೆರಳು ಇಡಬೇಡಿ, ಬೋರ್‌ವೆಲ್ ಮೋಟರ್ ಓಡುವಾಗ ಹಿಡಿಯಬೇಡಿ.

ಅಂತರಗಂಗೆ_ತಪ್ಪಲು (ಕೋಲಾರ)

ಆಪ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಅದು ಹೇಳಿದ್ದೇ ಸತ್ಯ ಅಂದುಕೊಳ್ಳಬಾರದು ಅಣ್ಣ. ಕಾಜಾಣ ಬಿಜ್ಜು ಗಿಡುಗದ ಥರವೇ ಕೂಗುತ್ತದೆ. ಜೆರ್ಡನ್ ಎಲೆಹಕ್ಕಿ ಅಂತೂ ಸುತ್ತಮುತ್ತ ಇರುವ ಹತ್ತಾರು ಹಕ್ಕಿಗಳ ಕೂಗನ್ನು ಒಂದರ ಹಿಂದೆ ಒಂದು ಒಪ್ಪಿಸುತ್ತದೆ. ಆಪ್ ಗಿಡುಗ ಅಂತ ಬರೆಯುತ್ತದೆ, ನೋಡಿದರೆ ತಂತಿ ಮೇಲೆ ಕಾಜಾಣ ಕೂತಿರುತ್ತದೆ. ದೂರದ ಕೂಗು, ಗಾಳಿ ಇರುವ ದಿನ, ಇವೆಲ್ಲ ಅದಕ್ಕೆ ಕಷ್ಟ. ಹೆಸರು ಬಂದ ಮೇಲೆ ಆ ಹಕ್ಕಿಯ ರೆಕಾರ್ಡಿಂಗ್ ಕೇಳಿ, ನೀವು ಕೇಳಿದ್ದಕ್ಕೆ ಸರಿಹೊಂದಿತಾ ಅಂತ ನೀವೇ ತೀರ್ಮಾನ ಮಾಡಿ. ಅದಕ್ಕೆ ಝೀನೋ-ಕಾಂಟೋ ಅನ್ನುವ ತಾಣ ಬಹಳ ಚೆನ್ನಾಗಿದೆ. 2005ರಲ್ಲಿ ಶುರುವಾಗಿದ್ದು, ಲೋಕದ ಹಕ್ಕಿ ಪ್ರಿಯರೆಲ್ಲ ತಾವು ಹಿಡಿದ ಕೂಗುಗಳನ್ನು ಅಲ್ಲಿ ಹಾಕುತ್ತಾರೆ, ಎಲ್ಲಿ ಯಾವಾಗ ಅಂತಲೂ ಬರೆದಿರುತ್ತಾರೆ. ದಕ್ಷಿಣ ಭಾರತದ ರೆಕಾರ್ಡಿಂಗ್‌ಗಳನ್ನೇ ಆರಿಸಿ ಕೇಳಿ, ಯಾಕೆಂದರೆ ಒಂದೇ ಹಕ್ಕಿ ಬೇರೆ ಸೀಮೆಯಲ್ಲಿ ಸ್ವಲ್ಪ ಬೇರೆ ಥರ ಕೂಗಬಹುದು.

ನಾನು ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳಿಕೊಡುತ್ತೇನೆ. ಮೊದಲು ಮಾಡಿಸುವುದು ಅಳಿಲಿನ ಪಾಠ. ನಿಜ, ಅಳಿಲು! "ಚಿಕ್ ಚಿಕ್ ಚಿಕ್ ಚಿಕ್" ಅಂತ ಅದು ಬಾಲ ಕುಣಿಸುತ್ತಾ ಕೂಗುವುದನ್ನು ದೊಡ್ಡವರು ಕೂಡ ಹಕ್ಕಿ ಅಂದುಕೊಳ್ಳುತ್ತಾರೆ. ಮಳೆ ಬಿದ್ದ ಮೇಲೆ ಕಪ್ಪೆಗಳದ್ದೂ ಇದೇ ಕಥೆ. ಇವೆರಡನ್ನು ಪಕ್ಕಕ್ಕೆ ಇಟ್ಟರೆ ತಲೆನೋವು ಎಷ್ಟೋ ಕಡಿಮೆ.

ಆಮೇಲೆ ಒಂದೇ ಹಕ್ಕಿಗೆ ಒಂದೇ ಕೂಗು ಅನ್ನುವ ನಂಬಿಕೆ ಬಿಡಿ. ಕೋಗಿಲೆಯನ್ನೇ ತಗೊಳ್ಳಿ. "ಕುಹೂ" ಅನ್ನುವುದು ಕರೀ ಮೈ, ಕೆಂಪು ಕಣ್ಣಿನ ಗಂಡು. ಹೆಣ್ಣಿಗೆ ಮೈತುಂಬ ಚುಕ್ಕೆ, ಅದರದ್ದು "ಕಿಕ್ ಕಿಕ್ ಕಿಕ್ ಕಿಕ್" ಅನ್ನುವ ಗಾಬರಿಯ ಕೂಗು. ಕಾಗೆ ಗೂಡಿನಲ್ಲಿ ಮೊಟ್ಟೆ ಇಡಲು ಹೊಂಚು ಹಾಕುವಾಗ ಕಾಗೆಗಳು ಅಟ್ಟಿಸಿಕೊಂಡು ಬಂದರೆ ಇನ್ನೂ ಜೋರು. ಚಳಿಗಾಲದಲ್ಲಿ ಕೋಗಿಲೆ ಎಲ್ಲಿಗೋ ಹೋಗುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಎಲ್ಲೂ ಹೋಗಿರುವುದಿಲ್ಲ, ಅದೇ ಮರದಲ್ಲಿ ಸುಮ್ನೆ ಕೂತು ಹಣ್ಣು ತಿನ್ನುತ್ತಿರುತ್ತದೆ.

ಕಾಲ ಗೊತ್ತಿದ್ದರೆ ಕೆಲಸ ಸುಲಭ. ಅಕ್ಟೋಬರ್‌ನಿಂದ ಸುಮಾರು ಏಪ್ರಿಲ್‌ವರೆಗೆ ಉತ್ತರದಿಂದ ಬರುವ ಸಣ್ಣ ಹಕ್ಕಿಗಳು ಇರುತ್ತವೆ. ಮರದ ಮೇಲ್ಗಡೆ ಎಲೆಗಳ ನಡುವೆ "ಚಿಸ್ವೀ" ಅಂತ ಒಂದೇ ಒಂದು ಚೂಪು ಸದ್ದು ಮತ್ತೆ ಮತ್ತೆ ಬಂದರೆ ಗ್ರೀನಿಶ್ ವಾರ್ಬ್ಲರ್. ಪೊದೆಯ ಬುಡದಲ್ಲಿ "ಟಕ್... ಟಕ್..." ಅಂದರೆ ಬ್ಲೈತ್ಸ್ ರೀಡ್ ವಾರ್ಬ್ಲರ್. ಎರಡೂ ನೋಡಲು ಮಣ್ಣು ಬಣ್ಣ, ಹಸಿರು ಬಣ್ಣ ಅಷ್ಟೇ, ದುರ್ಬೀನು ಇದ್ದವರಿಗೂ ನೋಡಿ ಹೇಳುವುದು ಕಷ್ಟ. ಇಲ್ಲಿ ಕಣ್ಣಿಗಿಂತ ಕಿವಿಯೇ ಮೇಲು. ನಿಮ್ಮ ತಂದೆ ಇದರಲ್ಲಿ ನಮ್ಮೆಲ್ಲರಿಗಿಂತ ಮುಂದೆ ಹೋಗುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ.

ಇನ್ನೊಂದು ವಿಷಯ ಅವರಿಗೆ ಹೇಳಿ. ಹಕ್ಕಿಗಳ ದಾಖಲೆ ಇಡುವ ತಾಣ ಇ-ಬರ್ಡ್‌ನಲ್ಲಿ ಹಕ್ಕಿ ಪಟ್ಟಿ ಹಾಕುವಾಗ ಬರೀ ಕೂಗು ಕೇಳಿದ ಹಕ್ಕಿಯನ್ನೂ ಸೇರಿಸಬಹುದು, ನೋಡಿರಲೇಬೇಕು ಅಂತಿಲ್ಲ. ಗುರುತು ಖಚಿತ ಇರಬೇಕು ಅಷ್ಟೇ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಊರೂರಲ್ಲಿ ಹಕ್ಕಿ ಎಣಿಕೆ ನಡೆಯುತ್ತದೆ, ಕಾಲು ಗಂಟೆ ಮನೆ ಜಗಲಿ ಮೇಲೆ ಕೂತು ಕೇಳಿ ಬರೆದರೂ ಸಾಕು. ಅವರು ಹೇಳಲಿ, ನೀವು ಬರೆದುಕೊಳ್ಳಿ.

ಕ್ಯಾಮೆರಾ_ಕುಣಿಗಲ್

ಇಷ್ಟೆಲ್ಲಾ ಯಾಕೆ ಸಾರ್, ಬ್ಲೂಟೂತ್ ಸ್ಪೀಕರ್‌ನಲ್ಲಿ ಆ ಹಕ್ಕಿಯ ಕೂಗು ಜೋರಾಗಿ ಹಾಕಿ. ಹತ್ತಿರವೇ ಬಂದು ಕೂರುತ್ತದೆ, ಉತ್ತರವನ್ನೂ ಕೊಡುತ್ತದೆ. ತಂದೆಯವರಿಗೂ ಹತ್ತಿರದಿಂದ ಕೇಳಿಸುತ್ತದೆ.

ನಂದಿ_ಬೆಟ್ಟದಡಿ (ಚಿಕ್ಕಬಳ್ಳಾಪುರ)

ದಯವಿಟ್ಟು ಅದನ್ನು ಮಾಡಬೇಡಿ. ಮೇಲಿನವರ ಮೇಲೆ ಕೋಪ ಇಲ್ಲ, ಹಲವರಿಗೆ ಇದರಿಂದ ಏನಾಗುತ್ತದೆ ಅಂತ ಯಾರೂ ಹೇಳಿರುವುದಿಲ್ಲ.

ಹಕ್ಕಿ ಹತ್ತಿರ ಬರುವುದು ನಮ್ಮ ಮೇಲಿನ ಪ್ರೀತಿಗಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು ಜಗಳಕ್ಕೆ ಬರುತ್ತದೆ. ತಿನ್ನುವುದು ಬಿಟ್ಟು, ಹೆಣ್ಣನ್ನು ಬಿಟ್ಟು, ಕೆಲವು ಸಲ ಗೂಡನ್ನೇ ಬಿಟ್ಟು ಇಲ್ಲದ ವೈರಿಯನ್ನು ಹುಡುಕುತ್ತದೆ. ಅಷ್ಟರಲ್ಲಿ ಕಾಗೆಗೋ ಕೆಂಬೂತಕ್ಕೋ ಮೊಟ್ಟೆ ಸಿಕ್ಕಿದರೆ ಮುಗಿಯಿತು. ನಮ್ಮ ನಂದಿ ಬೆಟ್ಟದಲ್ಲಿ ಹಳದಿ ಕತ್ತಿನ ಪಿಕಳಾರ ಇದೆ. ಇಡೀ ಲೋಕದಲ್ಲಿ ದಕ್ಷಿಣ ಭಾರತದ ಕಲ್ಲು ಬೆಟ್ಟಗಳ ಕುರುಚಲು ಕಾಡು ಬಿಟ್ಟರೆ ಇನ್ನೆಲ್ಲೂ ಇಲ್ಲದ ಹಕ್ಕಿ, ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲೂ ಇದೆ. ಅದನ್ನು ನೋಡಲೆಂದೇ ದೂರದೂರಿಂದ ಜನ ಬರುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಅದೇ ಪೊದೆ ಮುಂದೆ ಕೂಗು ಹಾಕುತ್ತಾ ನಿಂತರೆ ಆ ಹಕ್ಕಿ ಬದುಕುವುದು ಯಾವಾಗ? ಇದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ.

ಹುಣಸೆಮರದವರೇ, ನೀವು ರೆಕಾರ್ಡಿಂಗ್ ಕೇಳಬೇಕಾದರೆ ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಮನೆಯೊಳಗೆ ಕಿಟಕಿ ಹಾಕಿ ತಂದೆಯವರಿಗೆ ಸಣ್ಣಗೆ ಕೇಳಿಸಿ. ಹೊರಗೆ ಬಂದ ಮೇಲೆ ನಾವು ಕೇಳುವವರು ಮಾತ್ರ ಆಗಿರಬೇಕು. ಬೆಳಕು ಹರಿಯುವ ಮೊದಲೇ ಜಗಲಿಗೆ ಬಂದು ಕೂತರೆ ಎಷ್ಟು ಹತ್ತಿರ ಬೇಕೋ ಅಷ್ಟು ಹತ್ತಿರ ಅವೇ ಬರುತ್ತವೆ. ಆ ಹೊತ್ತಿನಲ್ಲಿ ಗಾಳಿಯೂ ಕಡಿಮೆ, ರಸ್ತೆ ಸದ್ದೂ ಕಡಿಮೆ, ಕೂಗು ದೂರದವರೆಗೆ ಹೋಗುತ್ತದೆ.

ಕ್ಯಾಮೆರಾ_ಕುಣಿಗಲ್

ಸರಿ ಸಾರ್, ಗೂಡು ಬಿಟ್ಟು ಬರುತ್ತದೆ ಅಂತ ಗೊತ್ತಿರಲಿಲ್ಲ. ಇನ್ನು ಹಾಕುವುದಿಲ್ಲ.

ಹುಣಸೆಮರದ_ಮನೆ (ತುಮಕೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಹೇಳುತ್ತೀರಿ ಅಂತ ಅಂದುಕೊಂಡಿರಲಿಲ್ಲ. ನಿಮ್ಮ ಉತ್ತರಗಳನ್ನು ಅಪ್ಪನಿಗೆ ಓದಿ ಹೇಳಿದೆ. ನತ್ತಿಂಗದ ಕೂಗು ಇಯರ್‌ಫೋನ್‌ನಲ್ಲಿ ಕೇಳಿಸಿದ ತಕ್ಷಣ "ಇದೇ, ಇದೇ" ಅಂದರು. ಚಿಕ್ಕವರಿದ್ದಾಗ ರಾತ್ರಿ ಹೊಲ ಕಾಯಲು ಹೋದಾಗ ಇದನ್ನು ಕೇಳುತ್ತಿದ್ದರಂತೆ, ಆಗ ಜೊತೆಯವರು ಏನೋ ಗಾಳಿ ಪೀಡೆ ಅಂತ ಹೆದರಿಸಿದ್ದರಂತೆ. ಹಾಲಕ್ಕಿ ಕೂಗು ಮಾತ್ರ ಅವರಿಗೆ ಮೊದಲಿಂದ ಚೆನ್ನಾಗಿ ಗೊತ್ತು.

ಗೌಜಲಕ್ಕಿಯದನ್ನು ಅವರೇ ನನಗೆ ಹೇಳಿಕೊಟ್ಟರು. ಬೆಳಗ್ಗೆ ಬದುವಿನ ಕಡೆಯಿಂದ "ಪಟೀಲ ಪಟೀಲ ಪಟೀಲ" ಅಂತ ಜೋರಾಗಿ ಬರುತ್ತದೆ, ಒಂದು ನಿಲ್ಲಿಸುವಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಶುರು ಮಾಡುತ್ತದೆ. ಎಷ್ಟು ಜೋಡಿ ಇವೆ, ಯಾವ ಬದುವಿನಲ್ಲಿ ಅಂತ ಕೂತಲ್ಲಿಂದಲೇ ಕೈ ತೋರಿಸಿ ಹೇಳುತ್ತಾರೆ. ಉಲಿಯಕ್ಕಿಯ ಚಟ್ ಚಟ್ ಕೂಡ ಅವರಿಗೇ ಮೊದಲು ಕೇಳಿದ್ದು.

ಇನ್ನೆರಡು ಉಳಿದಿವೆ. ಲಂಟಾನ ಪೊದೆಯಿಂದ ಇದ್ದಕ್ಕಿದ್ದ ಹಾಗೆ ಗುಳುಗುಳು ಅಂತ ಒಂದು ಸಲ ಜೋರಾಗಿ ಒದರಿ ಥಟ್ಟನೆ ನಿಂತುಬಿಡುತ್ತದೆ. ಎರಡನೆಯದು ಬೆಳದಿಂಗಳ ರಾತ್ರಿ ಬೀಳಿನ ಕಡೆಯಿಂದ "ಪಿಕ್ ಪಿಕ್ ಪಿಕ್ ಪಿಕ್ವಿಕ್ ಪಿಕ್ವಿಕ್" ಅಂತ ಮೇಲೇರುತ್ತಾ ಹೋಗುವ ಕೂಗು. ಟಿಟ್ಟಿಭ ಇರಬಹುದಾ?

ದುರ್ಗದ_ಹಾದಿ (ತುಮಕೂರು)

ಪೊದೆಯದು ಬಿಳಿಹುಬ್ಬಿನ ಪಿಕಳಾರ ಇರಬೇಕು ಸಾರ್. ಒಣ ಕುರುಚಲಿನಲ್ಲಿ ಬೇಕಾದಷ್ಟಿವೆ. ನಾಚಿಕೆ ಸ್ವಭಾವ, ಹೊರಗೆ ಬಂದು ಕೂರುವುದು ಕಡಿಮೆ. ಕೆಂಪು ಬುಡದ ಪಿಕಳಾರದ ಹಾಗೆ ನಿಧಾನವಾಗಿ ಮಾತಾಡುವುದಿಲ್ಲ, ಒಂದೇ ಉಸಿರಿಗೆ ಒದರಿ ಸುಮ್ಮನಾಗುತ್ತದೆ. ಥಟ್ಟನೆ ನಿಲ್ಲುತ್ತದೆ ಅಂದಿರಲ್ಲ, ಅದೇ ಗುರುತು.

ರಾತ್ರಿಯದು ಟಿಟ್ಟಿಭ ಅಲ್ಲ ಅನ್ನಿಸುತ್ತದೆ. ಟಿಟ್ಟಿಭವೂ ರಾತ್ರಿ ಕೂಗುತ್ತದೆ, ಆದರೆ ಅದು ಗಾಬರಿಗೆ, ನಾಯಿನೋ ಮನುಷ್ಯನೋ ಆ ಕಡೆ ಹೋದಾಗ "ಟಿಟ್ ಟಿಟ್ ಟೀವಿಟ್" ಅಂತ ತಲೆ ಮೇಲೆ ಸುತ್ತು ಹಾಕುತ್ತಾ ಕೂಗುವುದು. ನೀವು ಬರೆದ ಪಿಕ್ವಿಕ್ ಇಂಡಿಯನ್ ಥಿಕ್-ನೀ ಅನ್ನುವ ಹಕ್ಕಿಯದು. ಉದ್ದ ಕಾಲು, ದೊಡ್ಡ ಹಳದಿ ಕಣ್ಣು, ಹಗಲೆಲ್ಲ ಮರದ ನೆರಳಲ್ಲಿ ಅಲ್ಲಾಡದೆ ನಿಂತಿರುತ್ತದೆ, ಓಡಾಟವೆಲ್ಲ ಕತ್ತಲಾದ ಮೇಲೆ. ಕಲ್ಲು ಬೀಳು ಜಮೀನು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಎರಡನ್ನೂ ಒಮ್ಮೆ ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ಖಚಿತ ಮಾಡಿಕೊಳ್ಳೋಣ. ಮೊಬೈಲನ್ನು ಕೈಯಲ್ಲಿ ಹಿಡಿಯುವ ಬದಲು ಜಗಲಿ ಕಟ್ಟೆ ಮೇಲೆ ಒಂದು ಟವೆಲ್ ಹಾಸಿ ಅದರ ಮೇಲೆ ಇಡಿ, ಮೈಕ್ ಬೀಳಿನ ಕಡೆ ಇರಲಿ. ಶುರುವಿನಲ್ಲಿ ದಿನ, ಹೊತ್ತು, ಕೂಗು ಯಾವ ದಿಕ್ಕಿನಿಂದ ಬರುತ್ತಿದೆ ಅನ್ನುವುದನ್ನು ತಂದೆಯವರ ಬಾಯಲ್ಲೇ ಹೇಳಿಸಿ.